ಕೇಳಿದವರಿಗೆಲ್ಲ ಹೇಳಿದ ದಫ್ತರ

ಮೈದಾ ಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸಿ ಕುದಿಸಿದಾಗ ಒಂದು ವಾಸನೆ ಏಳುತ್ತದೆ. ತುಸು ಹುಳಿ, ತುಸು ಕಹಿ, ತಾಮ್ರದ ಬಿಂದಿಗೆಯ ತಳವನ್ನು ಮೂಸಿ ನೋಡಿದ ಹಾಗೆ. ನನ್ನ ಎಳವೆಯಿಂದ ನನಗೆ ಉಳಿದಿರುವುದು ಆ ವಾಸನೆ ಒಂದೇ. ಹುಳ ತಿನ್ನಬಾರದೆಂದು ಆ ನೀಲಿ ವಿಷವನ್ನು ನನ್ನ ಬೆನ್ನಿಗೆ ಸವರಿದ್ದರು. ವಿಷ ಹಚ್ಚಿಕೊಂಡೇ ಹುಟ್ಟಿದರೂ ಬಹಳ ವರ್ಷ ನನ್ನಿಂದ ಯಾರಿಗೂ ಕೇಡಾಗಲಿಲ್ಲ.

ನಾನು ಸಿಟಿ ಸರ್ವೆ ಕಚೇರಿಯ ಒಂದು ದಫ್ತರ. ಪೇಟೆಯ ಯಾವ ಮನೆ ಯಾರದು, ಯಾವ ಬಯಲು ಎಷ್ಟು ಗಜ ಎಂದು ಬರೆದಿಡುವ, ಎರಡು ಕೈಯಲ್ಲಿ ಎತ್ತಬೇಕಾದಂಥ ಪುಸ್ತಕ. ನನ್ನನ್ನು ಹೊಲಿದವನು ಇಮಾಮಸಾಬ. ಆಗ ನಮ್ಮ ಸೀಮೆ ಮುಂಬಯಿ ಇಲಾಖೆಯಲ್ಲಿತ್ತು, ಬಿಳಿಯರ ರಾಜ್ಯ. ಸರಕಾರ ಕೇಳಿದ್ದು ಗಟ್ಟಿ ಹೊಲಿಗೆ ಮಾತ್ರ. ಇಮಾಮಸಾಬ ನನ್ನ ನಾಲ್ಕು ಮೂಲೆಗೂ ಮೆತ್ತನೆಯ ಚರ್ಮ ಸುತ್ತಿ, ಉಗುರಿನಿಂದ ತಿಕ್ಕಿ ತಿಕ್ಕಿ ದುಂಡಗೆ ಮಾಡಿದ. ಪಕ್ಕದಲ್ಲಿ ದಾರಕ್ಕೆ ಮೇಣ ಹಚ್ಚುತ್ತಿದ್ದ ಹೆಂಡತಿ ನಕ್ಕಳು.

"ಅದಕ್ಯಾಕ ಇಷ್ಟ ಜ್ವಾಕಿ? ಮದಲಗಿತ್ತಿ ಏನ ಅದು?"

"ಹೆಸರ ಹುಡುಕಾಕ ಬರಾವ್ರು ಗಾಬರ್ಯಾಗಿರ್ತಾರ. ಅವರ ಬೆರಳಿಗೆ ಚುಚ್ಚಬಾರದು," ಎಂದ ಇಮಾಮಸಾಬ.

ಅಲ್ಲಿಂದ ನನ್ನನ್ನು ನೇಕಾರ ಪೇಟೆಗೆ ಒಯ್ದರು. ಸರಪಳಿ ಹಿಡಿದು ಅಳೆಯುವ ಕೆಲಸ ಮುಗಿದಿತ್ತು. ಇನ್ನು ಮನೆ ಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು, "ಇದು ಯಾರದು?" ಎಂದು ಕೇಳಿ ಬರೆದುಕೊಳ್ಳುವುದು ಅಧಿಕಾರಿಯ ಕೆಲಸ. ನನ್ನ ಹಾಳೆಗಳು ಹೀಗೆ ತುಂಬಿದವು, ಬೀದಿಯಲ್ಲಿ, ನೆರೆಹೊರೆಯವರ ಎದುರಿಗೆ, ಬಿಸಿಲಲ್ಲಿ. ಅವತ್ತು ಊರೆಲ್ಲ ಸಾಕ್ಷಿ.

ನೂರ ಹನ್ನೆರಡನೆಯ ಪುಟದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾಳವ್ವ ಎಂಬ ಚಿಕ್ಕ ಪ್ರಾಯದ ವಿಧವೆ ತನ್ನ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಸೊಂಟದ ಮೇಲೆ ಒಂದು ಹೆಣ್ಣುಕೂಸು. ಮೈದುನರಿಬ್ಬರು ಅಧಿಕಾರಿಯ ಕುರ್ಚಿಗೆ ಆತುಕೊಂಡೇ ನಿಂತು, "ನಮ್ಮ ಹೆಸರಿಗೆ ಬರಕೊಳ್ರಿ ಸಾಹೇಬ್ರ. ಹೆಂಗಸು, ನಾಳೆ ಎಲ್ಲೆರೆ ಹೋದಾಳು," ಎಂದರು. ಅಧಿಕಾರಿ ಲೇಖನಿಯನ್ನು ಮಸಿಯಲ್ಲಿ ಅದ್ದಿದ. ಅಷ್ಟರಲ್ಲಿ ಪಕ್ಕದ ಮನೆಯ ಬಸವ್ವ ಮಗ್ಗದ ಕುಣಿಯಿಂದ ಎದ್ದು ಬಂದಳು. ಕೈಯಲ್ಲಿ ಲಾಳಿ ಹಾಗೆಯೇ ಇತ್ತು.

"ಈ ಮನಿ ಕಾಳವ್ವನ ಗಂಡ ಕಟ್ಟಿದ್ದ್ರೀ. ಗ್ವಾಡಿ ಮಣ್ಣ ತುಳಿದಾಕಿ ಕಾಳವ್ವ. ನಾ ಕಂಡೇನಿ."

"ನಿನಗ್ಯಾಕವಾ ಮಂದಿ ಮನಿ ಉಸಾಬರಿ?" ಎಂದ ಮೈದುನ.

"ಮಗ್ಗಲ ಮನಿಯಾಕಿ ನಾ. ಇವತ್ತ ಸುಳ್ಳ ಹೇಳಿದ್ರ ನಾಳೆ ಒಲಿಗೆ ಕೆಂಡ ಕೇಳಾಕ ಯಾರ ಮನಿಗೆ ಹೋಗ್ಲಿ?"

ಅಧಿಕಾರಿ ಒಂದು ಗಳಿಗೆ ಬಸವ್ವನ ಮುಖ ನೋಡಿದ. ಆಮೇಲೆ ಬರೆದ: ಕಾಳವ್ವ ಕೋಂ ಮಲ್ಲಪ್ಪ ಕುಬಸದ. ಕಾಳವ್ವನಿಗೆ ಓದಲು ಬಾರದು. ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಮಸಿ ಆರುವ ಮುಂಚೆಯೇ ಅದನ್ನು ಬೆರಳಿನಿಂದ ಮುಟ್ಟಿದಳು.

ಆ ಬೆರಳ ಕಲೆಯೊಡನೆ ನಾನು ಕಚೇರಿಯ ದಫ್ತರಖಾನೆಗೆ ಹೋದೆ. ಕಾಳವ್ವ ಎರಡು ವರ್ಷ ಕಳೆದು ಮನೆಗೆ ಬೀಗ ಹಾಕಿ, ಕೂಸನ್ನು ಕಟ್ಟಿಕೊಂಡು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದಳಂತೆ. ಬರಲಿಲ್ಲ. ಮೈದುನರು ಮಕ್ಕಳಿಲ್ಲದೆ ಸತ್ತರು. ಬೀಗ ತುಕ್ಕು ಹಿಡಿಯಿತು, ಮಾಳಿಗೆ ಕುಸಿಯಿತು, ಎಂಬತ್ತು ವರ್ಷಕ್ಕೂ ಮೇಲೆ ಆ ಪುಟದಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ.

ದಫ್ತರಖಾನೆಯಲ್ಲಿ ನನ್ನನ್ನು ಬಹುಕಾಲ ನೋಡಿಕೊಂಡವರು ವಾಮನರಾವ ಕಟ್ಟಿ. ಮಳೆಗಾಲ ಮುಗಿದ ಕೂಡಲೇ ನಮ್ಮನ್ನೆಲ್ಲ ಅಂಗಳದ ಬಿಸಿಲಿಗೆ ಸಾಲಾಗಿ ತೆರೆದಿಟ್ಟು, ಹಾಳೆ ಹಾಳೆಯ ನಡುವೆ ಒಣ ಬೇವಿನೆಲೆ ಇಡುತ್ತಿದ್ದರು. ಅವರಲ್ಲಿ ಒಂದು ಚಟವಿತ್ತು. ಯಾರೇ ಪುಟ ನೋಡಲು ಬರಲಿ, ನನ್ನನ್ನು ಮಂಡಿಯ ಮೇಲಿಟ್ಟುಕೊಂಡು, ಕನ್ನಡಕದ ಮೇಲಿನಿಂದ ಅವರನ್ನು ನೋಡಿ, "ನೀವು ಯಾರು? ಈ ಮನಿ ನಿಮಗ್ಯಾಕ ಬೇಕು?" ಎಂದು ಕೇಳುತ್ತಿದ್ದರು. ಉತ್ತರ ಸರಿಕಾಣದಿದ್ದರೆ, "ಕೀಲಿಕೈ ಸಿಗಲೊಲ್ಲದು, ನಾಳೆ ಬರ್ರಿ," ಎನ್ನುತ್ತಿದ್ದರು. ನಾಳೆಯೂ ಅದೇ ಮಾತು. ಜನ ಅವರನ್ನು ಬೈದರು. ನಾನೂ ಬೈದೆ. ನನ್ನೊಳಗಿರುವುದು ಎಲ್ಲರದು, ಇವರು ಯಾರು ತಡೆಯುವುದಕ್ಕೆ ಎಂದು ನನಗೆ ಸಿಟ್ಟು. ಅವರು ಮುಖ ನೋಡಿ ಮಣೆ ಹಾಕುವವರೆಂದೂ ಅನ್ನಿಸಿತ್ತು. ಬಡವರನ್ನೂ ಎಷ್ಟೋ ಸಲ ಸುಮ್ಮಸುಮ್ಮನೆ ತಿರುಗಿಸಿದ್ದಾರೆ, ಅದನ್ನು ಮುಚ್ಚಿಡಬಾರದು.

ಅವರು ಹೋಗಿ ಎಷ್ಟೋ ವರ್ಷದ ಮೇಲೆ ಕಾಲ ಬದಲಾಯಿತು. ಕಚೇರಿಯ ಬಾಗಿಲಿಗೆ ಹಳದಿ ಫಲಕ ಬಂತು: ದಾಖಲೆ ನೋಡುವುದು ನಾಗರಿಕರ ಹಕ್ಕು. ಯಾಕೆ ಬೇಕು ಎಂದು ಕೇಳುವಂತಿಲ್ಲ. ಅರ್ಜಿ ಕೊಟ್ಟು ನಕಲಿನ ಶುಲ್ಕ ಕಟ್ಟಿದರೆ ಸಾಕು. ಆಗ ಬಂದ ಗುಮಾಸ್ತ ಶಂಕ್ರಪ್ಪ ಬಾಯಿ ಜೋರು, ಮನಸ್ಸು ಮೆತ್ತಗೆ. ನನಗೆ ಆಗ ಹಬ್ಬವಾದಂತಿತ್ತು. ಮುಚ್ಚಿದ ಬಾಯಿಯನ್ನು ಯಾರೋ ಬಿಡಿಸಿದ ಹಾಗೆ.

ಅಂಥ ದಿನಗಳಲ್ಲಿಯೇ ದಾನವ್ವ ಬಂದಳು.

ನಲವತ್ತೈದರ ಆಸುಪಾಸು. ಬಸವ್ವನ ಮೊಮ್ಮಗನ ಹೆಂಡತಿ. ಅದೇ ಮನೆ, ಅದೇ ಕುಣಿಮಗ್ಗ. ಗಂಡ ಅದರಲ್ಲಿ ಕುಪ್ಪಸದ ಖಣ ನೇಯುತ್ತಾನೆ. ಪಕ್ಕದ ಹಾಳುಮನೆಯ ಎರಡಾಳೆತ್ತರದ ಮಣ್ಣುಗೋಡೆ ಇವರ ಮಗ್ಗದ ಕೋಣೆಯ ಮೇಲೆ ವಾಲಿತ್ತು.

"ವರ್ಷಾ ವರ್ಷಾ ಒಂದ ಗೇಣ ಬಾಗ್ತೈತ್ರಿ," ಎಂದಳು. "ನನ್ನ ಗಂಡ ಕುಣಿಯಾಗ ಸೊಂಟದ ಮಟ ಇಳದ ಕೂತಿರ್ತಾನ. ಬಿತ್ತಂದ್ರ ಎದ್ದ ಓಡಾಕೂ ಆಗಂಗಿಲ್ಲ. ಪುರಸಭೆಗೆ ಹೋದ್ರ ಮಾಲಕರ ಒಪ್ಪಿಗಿ ತಗೊಂಬಾ ಅಂತಾರ. ಮಾಲಕರು ಯಾರು ಅಂತ ನೀವರೆ ಹೇಳ್ರಿ."

ಶಂಕ್ರಪ್ಪ ನನ್ನನ್ನು ತಂದು ಮೇಜಿನ ಮೇಲೆ ತೆರೆದ. ದಾನವ್ವ ಏಳನೆಯ ಇಯತ್ತೆ ಓದಿದವಳು. ಬೆರಳಿಟ್ಟು ಓದುತ್ತ ನೂರ ಹನ್ನೆರಡನೆಯ ಪುಟದ ಕಲೆಯ ಬಳಿ ನಿಂತಳು.

"ಕಾಳವ್ವ. ಈಕೀ ಹೆಸರ ನಮ್ಮ ಅತ್ತಿ ಹೇಳ್ತಿದ್ಲು. ಸತ್ತ ಎಷ್ಟ ಕಾಲಾತೋ."

"ಹಂಗಾರ ಆತಲ್ಲವಾ ಕೆಲಸ. ಸತ್ತಾಕಿಗೆ ನೋಟೀಸ್ ಕಳ್ಸಬೇಕಂದ್ರ ಪೋಸ್ಟಮನ್ನನ್ನೂ ಸಾಯಿಸ್ಬೇಕಾಗ್ತದ," ಎಂದು ಶಂಕ್ರಪ್ಪ ನಕ್ಕ. ಅವಳು ನಗಲಿಲ್ಲ. ಅವನಿಗೆ ನಾಚಿಕೆಯಾಗಿರಬೇಕು, ದನಿ ತಗ್ಗಿಸಿದ. "ವಾರಸದಾರರು ಯಾರರೆ ಇದ್ದರ ಹುಡಿಕಿ ವಂಶಾವಳಿ ಮಾಡ್ಕೊಂಡ ಬಾ. ಅರ್ಜಿಗೆ ಹಚ್ಚಿ ನೋಟೀಸ್ ಕಳಸೋಣು."

ದಾನವ್ವನಿಗಿಂತ ಮುಂಚೆಯೂ ಆ ಪುಟವನ್ನು ಬೇರೊಬ್ಬ ನೋಡಿ ಹೋಗಿದ್ದ. ಹೆಸರು ಮುತ್ತಣ್ಣ. ಜಾಗ ಕೊಡಿಸುವುದು, ಬಿಡಿಸುವುದು ಅವನ ಕಸುಬು. ಪೇಟೆಯ ಮುಖ್ಯ ರಸ್ತೆಗೆ ಹತ್ತಿದ ಹಾಳು ಜಾಗದ ಮೇಲೆ ಅವನಿಗೆ ಹತ್ತು ವರ್ಷದಿಂದ ಕಣ್ಣು. ನಾಲ್ಕು ಸಲ ಬಂದು, ಕಾಳವ್ವನ ಹೆಸರನ್ನೇ ದಿಟ್ಟಿಸಿ, ನನ್ನನ್ನು ದಪ್ಪನೆ ಮುಚ್ಚಿ ಹೋಗಿದ್ದ. ಸತ್ತವಳಿಂದ ಅವನೂ ಏನನ್ನೂ ಬರೆಸಿಕೊಳ್ಳಲಾರ. ಅವನಿಗೆ ಬೇಕಾದದ್ದು ಬದುಕಿರುವ ಒಂದು ಹೆಬ್ಬೆರಳು. ಅದು ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ದಾನವ್ವ ತಿರುಗಿ ಬಂದಳು. ಮುಖ ಅರಳಿತ್ತು. ಮಕ್ಕಳ ನೋಟುಬುಕ್ಕಿನಿಂದ ಹರಿದ ಎರಡು ಹಾಳೆ ತಂದಿದ್ದಳು. ಗೆರೆ ಎಳೆದು, ಚೌಕ ಮಾಡಿ, ಕಾಳವ್ವನಿಂದ ಹಿಡಿದು ಇವತ್ತಿನವರೆಗೆ ಪೂರಾ ವಂಶಾವಳಿ. ಕಾಳವ್ವನ ಮಗಳು ನೀಲವ್ವ. ನೀಲವ್ವನ ಮಗಳು ಸಂಕವ್ವ. ಉಳಿದವಳು ಅವಳೊಬ್ಬಳೇ. ಸೊಲ್ಲಾಪುರದ ಯಾವ ಓಣಿ, ಯಾವ ಗುಡಿಯ ಹಿಂದೆ, ಬೀಡಿ ಕಟ್ಟಿ ಜೀವನ, ಮಕ್ಕಳಿಲ್ಲ, ಓದು ಬರಹ ಇಲ್ಲ. ಎಲ್ಲ ದುಂಡಗಿನ ಅಕ್ಷರದಲ್ಲಿ.

"ಯಪ್ಪಾ! ಇದನ್ನೆಲ್ಲ ಯಾರ ಹೇಳಿದ್ರು ನಿನಗ?" ಎಂದ ಶಂಕ್ರಪ್ಪ.

"ಹೆಳವರಾಂವ."

ಹೆಳವರು ನಮ್ಮ ಸೀಮೆಯಲ್ಲಿ ಮನೆತನಗಳ ಹೆಸರು ಕಾಯುವವರು. ಎತ್ತಿನ ಮೇಲೆ ಕೂತು ನಾಲ್ಕೈದು ವರ್ಷಕ್ಕೊಮ್ಮೆ ಬರುತ್ತಾರೆ. ಅಂಗಳದಲ್ಲಿ ನಿಂತು ಆ ಮನೆಯ ಏಳು ತಲೆಮಾರಿನ ಹೆಸರು ಹೇಳುತ್ತಾರೆ. ಕಾಳು, ಬಟ್ಟೆ ಇಸಿದುಕೊಂಡು, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಾರೆ. ಊರು ಬಿಟ್ಟವರನ್ನೂ ಹುಡುಕಿಕೊಂಡು ಹೋಗುತ್ತಾರೆ. ಕಾಳವ್ವನ ಮನೆತನವಾದ ಕುಬಸದವರ ಹೆಳವ ಸೊಲ್ಲಾಪುರದವರೆಗೂ ಹೋಗಿ ಬರುತ್ತಿದ್ದ.

"ಮೊದಲ ಒಲ್ಲೆ ಅಂದ್ರೀ," ಎಂದು ದಾನವ್ವ ಹೇಳಿದಳು. "'ಯಾರ ಮನಿ ಹೆಸರು ಅವರ ಅಂಗಳದಾಗ ಹೇಳಬೇಕವಾ. ಮಗ್ಗಲ ಮನಿಯಾಗ ಬಾಯಿ ಬಿಟ್ಟರ ನನ್ನ ನಾಲಿಗಿಗೆ ಹುಳಾ ಬೀಳ್ತಾವ' ಅಂದ. ನಾ ಬಿಡಲಿಲ್ಲ. ಕೈ ಹಿಡಕೊಂಡ ಜಗ್ಗಿ ಆ ಹಾಳ ಮನಿ ಅಂಗಳದಾಗs ನಿಂದರ್ಸಿದೆ. 'ಈಗ ಅವರ ಅಂಗಳದಾಗ ಅದಿಯಲ್ಲ, ಹೇಳು' ಅಂದೆ. ಜಾಲಿ ಕಂಟಿ ನಡುವ ನಿಂತ ಹೇಳಿದ. ನಾ ಬರಕೊಂಡೆ."

ಶಂಕ್ರಪ್ಪ ಹೊಟ್ಟೆ ಹಿಡಿದು ನಕ್ಕ. "ಭಾಳ ಜಾಣಿ ಇದ್ದೀ. ಇಂಥಾ ವಂಶಾವಳಿ ವಕೀಲರೂ ಮಾಡಂಗಿಲ್ಲ." ತನ್ನ ಪಾಲಿನ ಚಹಾವನ್ನು ಬಸಿಗೆ ಸುರಿದು ಅವಳ ಮುಂದೆ ಸರಿಸಿದ. ಆ ಎರಡು ಹಾಳೆಯನ್ನು ಅರ್ಜಿಗೆ ಹಚ್ಚಿ, ಟ್ಯಾಗು ಪೋಣಿಸಿ, ನನ್ನ ನೂರ ಹನ್ನೆರಡನೆಯ ಪುಟದ ನಡುವೆ ಇಟ್ಟ. ಇಬ್ಬರೂ ಒಳ್ಳೆಯವರು. ಇಬ್ಬರೂ ಮಾಡಿದ್ದು ಒಳ್ಳೆಯ ಕೆಲಸ. ನನಗೂ ಹೆಮ್ಮೆಯೆನಿಸಿತು. ಇಷ್ಟು ವರ್ಷ ನನ್ನ ಪುಟದಲ್ಲಿ ಕೊನೆಯಿಲ್ಲದೆ ನಿಂತಿದ್ದ ಹೆಸರಿಗೆ ಒಬ್ಬ ಮೊಮ್ಮಗಳು ಸಿಕ್ಕಿದ್ದಳು.

ನಾಲ್ಕನೆಯ ದಿನ ಮುತ್ತಣ್ಣ ಬಂದ.

"ಶಂಕ್ರಪ್ಪಾರ, ಆ ಕುಬಸದವರ ಜಾಗದ ಮ್ಯಾಲೆ ಯಾರೋ ಅರ್ಜಿ ಹಾಕ್ಯಾರಂತಲ್ಲ. ಅದರ ಪೂರಾ ಕಡತದ ನಕಲ ಬೇಕ್ರಿ. ಹಚ್ಚಿದ್ದು, ಹರದಿದ್ದು, ಎಲ್ಲಾ."

ಶಂಕ್ರಪ್ಪ ತಡೆದ. ತಡೆದದ್ದು ನನಗೆ ಗೊತ್ತಾಯಿತು; ಅವನ ಅಂಗೈ ನನ್ನ ರಟ್ಟಿನ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು. "ನಿಮಗ್ಯಾಕ..." ಎಂದು ಬಾಯಿ ತೆರೆದ. ಮುತ್ತಣ್ಣ ಗೋಣು ಎತ್ತಿ ಬಾಗಿಲಿನ ಹಳದಿ ಫಲಕವನ್ನು ತೋರಿಸಿ, ಮುಗುಳ್ನಕ್ಕು, ಶುಲ್ಕದ ರಸೀದಿ ಮೇಜಿನ ಮೇಲಿಟ್ಟ. ನಕಲು ಮಾಡುವ ಯಂತ್ರದ ಬೆಳಕು ದಾನವ್ವನ ದುಂಡಗಿನ ಅಕ್ಷರಗಳ ಮೇಲೆ ಎರಡು ಸಲ ಹಾದುಹೋಯಿತು.

ಕಚೇರಿಯ ನೋಟೀಸು ಇನ್ನೂ ಟಪಾಲಿಗೆ ಬಿದ್ದಿರಲಿಲ್ಲ. ಮುತ್ತಣ್ಣ ಮರುದಿನ ಬೆಳಗಿನ ಗಾಡಿಗೆ ಸೊಲ್ಲಾಪುರಕ್ಕೆ ಹೋದ.

ಒಂದೂವರೆ ತಿಂಗಳಿಗೆ ನನ್ನ ಪುಟದ ಮೇಲೆ ಹೊಸ ಮಸಿ ಬಿತ್ತು. ಸಂಕವ್ವ ಖರೀದಿ ಕೊಟ್ಟದ್ದಾಗಿಯೂ, ಮುತ್ತಣ್ಣ ಪಡೆದದ್ದಾಗಿಯೂ ಬರೆದರು. ಕಾಳವ್ವನ ಹೆಸರಿಗೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆದರು. ಗೆರೆ ಅವಳ ಬೆರಳಿನ ಕಲೆಯ ಮೇಲೆಯೇ ಹಾದು ಹೋಯಿತು. ಕಾಗದವೆಲ್ಲ ಚೊಕ್ಕಟ, ಎಲ್ಲಿಯೂ ತಪ್ಪು ತೆಗೆಯುವಂತಿರಲಿಲ್ಲ.

ಅದರ ಮುಂದಿನ ವಾರ ದಾನವ್ವ ಪೇಢೆಯ ಪೊಟ್ಟಣ ಹಿಡಿದು ಬಂದಳು.

"ಗ್ವಾಡಿ ಕೆಡವಿದ್ರು ರೀ! ನಿನ್ನೆ ಮುಂಜಾನೆ ದೊಡ್ಡ ಯಂತ್ರ ಬಂದು, ನಾವು ಚಹಾ ಕುಡಿಯೂದ್ರಾಗ ನೆಲಕ್ಕ ಹತ್ತಿಸಿ ಬಿಟ್ಟಿತು. ಮಗ್ಗದ ಮ್ಯಾಲೆ ಒಂದ ಹೆಂಟಿ ಮಣ್ಣೂ ಬೀಳಲಿಲ್ಲ. ತಗೊಳ್ರಿ, ಬಾಯಿ ಸಿಹಿ ಮಾಡ್ಕೊಳ್ರಿ. ಸಂಕವ್ವ ಒಪ್ಪಿಗಿ ಕೊಟ್ಟಳಂತ ಕಾಣಸ್ತೈತಿ. ಪುಣ್ಯಾತಗಿತ್ತಿ."

ಶಂಕ್ರಪ್ಪ ಪೇಢೆ ಮುಟ್ಟಲಿಲ್ಲ. ನನ್ನನ್ನು ತೆರೆದು ಅವಳ ಕಡೆಗೆ ತಿರುಗಿಸಿದ. ಅವಳು ಓದಿದಳು. ಎರಡನೆಯ ಸಲ ಓದಿದಳು.

"ಸಂಕವ್ವಗ ಏನ ಸಿಕ್ಕೈತಿ?"

"ಅದು ಈ ದಫ್ತರದಾಗ ಇರಂಗಿಲ್ಲವಾ," ಎಂದ.

ದಾನವ್ವ ತಾನೇ ಸೊಲ್ಲಾಪುರಕ್ಕೆ ಹೋಗಿ ಬಂದಳು. ಬಂದವಳು ಶಂಕ್ರಪ್ಪನ ಮುಂದೆ ನಿಂತುಕೊಂಡೇ ಹೇಳಿದ್ದನ್ನು ನಾನು ಕೇಳಿದೆ. ಮುತ್ತಣ್ಣ ಅಲ್ಲಿ ಬೀಡಿ ಕಟ್ಟುವವರ ಪಿಂಚಣಿ ಮಾಡಿಸುವವನೆಂದು ಹೇಳಿಕೊಂಡನಂತೆ. ಅಜ್ಜಿಯ ಹೆಸರು, ಅವ್ವನ ಹೆಸರು ಅವನೇ ತಪ್ಪದೆ ಹೇಳಿದಾಗ ಸಂಕವ್ವ ಸರಕಾರದವನೇ ಇರಬೇಕೆಂದು ನಂಬಿದಳಂತೆ. ಕಾರಿನಲ್ಲಿ ಕೂರಿಸಿಕೊಂಡು ಬಂದು, ದೊಡ್ಡ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿ, ಒಂದು ಸೀರೆ ಕೊಟ್ಟು, ತಿರುಗಿ ಬಸ್ಸು ಹತ್ತಿಸಿದನಂತೆ. ತನಗೆ ಈ ಊರಲ್ಲಿ ಒಂದು ಜಾಗವಿತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಪಿಂಚಣಿ ಯಾವಾಗ ಬರುತ್ತದೆ ಎಂದು ಅವಳು ದಾನವ್ವನನ್ನೇ ಕೇಳಿದಳಂತೆ.

"ನಾ ಬರದ ಹಾಳಿ ನೋಡಿ ಹೋಗ್ಯಾನಂತ ಆಕಿಗೆ ಹೇಳಾಕ ಬಾಯಿ ಬರಲಿಲ್ರೀ," ಎಂದಳು ದಾನವ್ವ. "ತಕರಾರು ಅರ್ಜಿ ಹಾಕಸ್ತೇನಿ. ಆ ಜಾಗ ಆಕಿಗೆ ತಿರುಗಿ ಹೋಗಬೇಕು."

ವಿಚಾರಣೆಯ ತಾರೀಖು ಬರುವಷ್ಟರಲ್ಲಿ ನನ್ನ ಕೆಲಸ ಮುಗಿಯಿತು. ಯಾವುದೋ ಊರಿನಿಂದ ಬಂದವರು ನನ್ನ ಒಂದೊಂದೇ ಪುಟವನ್ನು ಗಾಜಿನ ಮೇಲೆ ಮಗುಚಿ ಹಾಕಿ ಚಿತ್ರ ತೆಗೆದುಕೊಂಡರು. ಇಮಾಮಸಾಬನ ಹೊಲಿಗೆ ಅಡ್ಡ ಬಂತೆಂದು ಕತ್ತರಿಸಿದರು. ಆಮೇಲೆ ನಮ್ಮನ್ನೆಲ್ಲ ಹಗ್ಗದಲ್ಲಿ ಬಿಗಿದು, ಹಜಾರದ ಹೊರಗೆ, ಜನ ಕೂರುವ ಬಾಕಿನ ಕೆಳಗೆ ತುರುಕಿದರು. ರದ್ದಿಗೆ ಕಳಿಸುವ ಆದೇಶ ಬರಬೇಕಂತೆ. ಕಸಗುಡಿಸುವ ಹಸೀನಾ ಮಾತ್ರ ನೆಲ ಒರೆಸುವಾಗ ನನಗೆ ನೀರು ತಾಗದಂತೆ ಒಂದು ಹಲಗೆ ಅಡ್ಡವಿಡುತ್ತಾಳೆ. ಯಾರೂ ಹೇಳಿದ್ದಲ್ಲ.

ವಿಚಾರಣೆಯ ಮೂರನೆಯ ತಾರೀಖಿನ ದಿನ ಸಂಕವ್ವನನ್ನು ನಾನು ಕಂಡೆ. ಅರವತ್ತೈದು ದಾಟಿದ ಸಣ್ಣ ದೇಹದ ಹೆಂಗಸು. ತಂಬಾಕಿನಿಂದ ಹಳದಿಯಾದ ಬೆರಳುಗಳು. ಬೆಳಗಿನ ಜಾವದ ರೈಲಿಗೆ ಸೊಲ್ಲಾಪುರ ಬಿಟ್ಟಿದ್ದಳು. ವಿಚಾರಣೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗಿನ ಮಾತು ನನಗೆ ಕೇಳುತ್ತಿತ್ತು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಸಂಕವ್ವನಿಗೆ ಕುರ್ಚಿ ಹಾಕಿಸಿದಳು. ಆಮೇಲೆ ದಾನವ್ವನನ್ನು ಕೇಳಿದಳು.

"ನೀವು ಇವರಿಗೆ ಏನಾಗ್ಬೇಕು?"

"ಮಗ್ಗಲ ಮನಿಯಾಕಿ ರೀ."

"ಸಂಬಂಧ ಏನು?"

"ಅದs ರೀ ಸಂಬಂಧ."

ಮುತ್ತಣ್ಣ ಗಟ್ಟಿಯಾಗಿ ನಕ್ಕ. "ಮೇಡಮ್ಮಾರ, ಈ ಅವ್ವಗ ಗ್ವಾಡಿ ಬೇಕಾಗಿತ್ತು, ಕೆಡವಿ ಕೊಟ್ಟೇನಿ. ಈಗ ಜಾಗದ ಮ್ಯಾಲೂ ಆಸೆ ಹುಟ್ಟೈತಿ."

"ನೀವು ಸಂಕವ್ವನವರನ್ನ ಹೆಂಗ ಹುಡುಕಿದ್ರಿ?" ಎಂದಳು ಅಧಿಕಾರಿ.

"ಇದರಾಗ ಮುಚ್ಚುಮರಿ ಏನೈತ್ರಿ? ಈ ದಾನವ್ವನs ಹೆಳವನ ಕೈ ಹಿಡಿದು ಜಗ್ಗಿ, ವಂಶಾವಳಿ ಬರದು, ಊರು ಓಣಿ ಎಲ್ಲಾ ಹಚ್ಚಿ ನಿಮ್ಮ ಕಚೇರಿಗೆ ಕೊಟ್ಟಾಳ. ನಾ ಶುಲ್ಕ ಕಟ್ಟಿ ನಕಲ ತಗೊಂಡೇನಿ. ದಾಖಲೆ ನೋಡೂದು ತಪ್ಪೇನ್ರಿ?"

ಅಧಿಕಾರಿಯ ದನಿ ಬಂತು, ಮೆಲ್ಲಗೆ. "ದಾಖಲೆ ಸರಿ ಅದ. ರಿಜಿಸ್ಟರ್ ಆದ ಖರೀದಿ ಪತ್ರ ನಾ ರದ್ದ ಮಾಡಾಕ ಬರಂಗಿಲ್ಲ. ಮೋಸ ಆಗೇದ ಅಂದ್ರ ಕೋರ್ಟಿಗೆ ಹೋಗಬೇಕಾಗ್ತದ. ಅರ್ಜಿ ವಜಾ." ಕಾಗದದ ಮೇಲೆ ಮುದ್ರೆ ಬಿದ್ದ ಸದ್ದು. "ಅಜ್ಜಿ, ಹೊರಗ ನೆರಳಾಗ ಕೂಡ್ರಿ. ಬಿಸಿಲು ಭಾಳ ಅದ."

ಕುಳಿತು ಕುಳಿತು ಸವೆದ ಈ ಬಾಕಿನ ಕೆಳಗೆ ನಾನು ಈಗ ಹೆಳವನ ಪುಸ್ತಕವನ್ನು ನೆನೆಯುತ್ತೇನೆ. ಅವನ ಪುಸ್ತಕವನ್ನು ನಾನು ಕಂಡಿಲ್ಲ. ಅದಕ್ಕೆ ಸರಕಾರದ ಮುದ್ರೆ ಇಲ್ಲ. ನ್ಯಾಯಾಲಯ ಅದನ್ನು ನಂಬುವುದಿಲ್ಲ. ಆದರೆ ಅದು ಮನೆಯವರ ಅಂಗಳದಲ್ಲಿ ಮಾತ್ರ ಬಾಯಿ ತೆರೆಯುತ್ತಿತ್ತು. ನಾನು ಕೇಳಿದವರಿಗೆಲ್ಲ ಹೇಳಿದೆ. ಸುಳ್ಳು ಒಂದಕ್ಷರ ಹೇಳಲಿಲ್ಲ. ನನ್ನನ್ನು ತೆರೆದಿಟ್ಟದ್ದು ಬಡವರಿಗಾಗಿ ಎಂದರು. ಅದೂ ಸುಳ್ಳಲ್ಲ, ದಾನವ್ವನಿಗೂ ನಾನು ತೆರೆದುಕೊಂಡೆ. ಆದರೆ ಅವಳು ಪುಟ ಕಂಡ ಮೇಲೂ ಮೂರು ತಿಂಗಳು ಅಲೆದು ಎರಡು ಹಾಳೆ ಬರೆದಳು. ಮುತ್ತಣ್ಣ ಮಧ್ಯಾಹ್ನದ ಅರ್ಧ ತಾಸಿನಲ್ಲಿ ಅವನ್ನು ಒಯ್ದ. ನಿಜ ಎಂಬುದು ಬಾವಿಯ ನೀರಿನ ಹಾಗೆ, ಎಲ್ಲರಿಗೂ ಸೇರಿದ್ದು ಎಂದು ನಾನು ತಿಳಿದಿದ್ದೆ. ಉದ್ದ ಹಗ್ಗ ಇದ್ದವನ ಕೊಡವೇ ಮೊದಲು ತುಂಬುತ್ತದೆ ಎಂಬುದು ಮುಪ್ಪಿನಲ್ಲಿ ತಿಳಿಯಿತು. ವಾಮನರಾಯರು ಕೇಳುತ್ತಿದ್ದ ಪ್ರಶ್ನೆಯೂ ಸರಿಯಿರಲಿಲ್ಲ, ಯಾರೂ ಏನನ್ನೂ ಕೇಳದಿರುವುದೂ ಸರಿಯಾಗಲಿಲ್ಲ. ಇದಕ್ಕೆ ಉತ್ತರ ನನ್ನ ಯಾವ ಪುಟದಲ್ಲೂ ಇಲ್ಲ.

ಇಬ್ಬರು ಹೆಂಗಸರೂ ಹೊರಗೆ ಬಂದು ನನ್ನ ಮೇಲಿನ ಬಾಕಿನ ಮೇಲೆ ಕುಳಿತರು. ನಡುವೆ ಒಂದಾಳು ಕೂರುವಷ್ಟು ಜಾಗ ಬಿಟ್ಟಿದ್ದರು. ನನಗೆ ಕಾಣುತ್ತಿದ್ದದ್ದು ಅವರ ಕಾಲುಗಳು. ದಾನವ್ವನ ಹೆಬ್ಬೆರಳು ನೆಲವನ್ನು ಕೆರೆಯುತ್ತಿತ್ತು.

"ಯವ್ವಾ," ಎಂದಳು ದಾನವ್ವ. "ನಿನ್ನ ಹೆಸರ ಹೇಳಿಸಿದಾಕಿ ನಾನs."

"ಕೇಳಿದೆನಲ್ಲ, ಒಳಗ."

"ಗ್ವಾಡಿ ಸಲುವಾಗಿ ಹುಡುಕಿದೆ. ಬ್ಯಾರೆ ಏನೂ ಮನಸಿನ್ಯಾಗ ಇರಲಿಲ್ಲ."

ರಸ್ತೆಯಲ್ಲಿ ಮುತ್ತಣ್ಣನ ಕಾರು ಹೊರಟು ಹೋದ ಸದ್ದು ಕೇಳಿತು.

"ನಿನ್ನ ಗಂಡ ಮಗ್ಗದಾಗ ಕೂಡ್ತಾನಿಲ್ಲೊ ಈಗ?" ಎಂದು ಕೇಳಿದಳು ಸಂಕವ್ವ.

"ಕೂಡ್ತಾನ."

"ಕೂಡ್ಲಿ."

ಸಂಕವ್ವ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು. ತಿರುಗಿ ಹೋಗುವಾಗ ರೈಲಿನಲ್ಲಿ ತಿನ್ನಲೆಂದು ಕಟ್ಟಿಕೊಂಡು ಬಂದ ಬುತ್ತಿ: ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಒಂದು ರೊಟ್ಟಿಯ ಮೇಲೆ ಹಿಂಡಿ ಹರವಿ, ಮಡಚಿ, ನಡುವಿನ ಖಾಲಿ ಜಾಗದ ಮೇಲಿಂದ ಕೈ ಚಾಚಿದಳು. ದಾನವ್ವ ಕೈ ಎತ್ತಲಿಲ್ಲ. ಸಂಕವ್ವ ಅತ್ತ ಸರಿದು, ಅವಳ ಕೈಯನ್ನು ತೊಡೆಯ ಮೇಲಿಂದ ಎತ್ತಿ ಅಂಗೈ ಬಿಡಿಸಿ, ರೊಟ್ಟಿಯನ್ನು ಅದರಲ್ಲಿಟ್ಟು ಬೆರಳುಗಳನ್ನು ಮಡಚಿದಳು.